‘ಗಮನಕ್ಕೆ ತಂದರೂ ಪ್ರಯೋಜನವಾಗಿಲ್ಲ’: ಒಬ್ಬ ತಾಲ್ಲೂಕು ವರದಿಗಾರ್ತಿ ಬರೆಯಲು ಕಲಿತ ಬಗೆ

ಇಲ್ಲಿ ಬರುವ ವರದಿಗಾರ್ತಿ, ಪತ್ರಿಕೆ, ಊರು, ಅಧಿಕಾರಿ ಯಾರ ಗುರುತೂ ಸಿಗದ ಹಾಗೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಯಾವ ಹಂತದಲ್ಲಿ ಏನು ತೀರ್ಮಾನ ಮಾಡಿದರು, ಯಾಕೆ ಮಾಡಿದರು ಅನ್ನುವುದನ್ನು ಮಾತ್ರ ಮುಟ್ಟಿಲ್ಲ. ಪತ್ರಿಕೋದ್ಯಮಕ್ಕೆ ಬರುವ ಹೊಸಬರಿಗೂ ಅವರ ಕಾಪಿ (ಬರೆದು ಕಳಿಸಿದ ಸುದ್ದಿ) ತಿದ್ದುವ ಡೆಸ್ಕಿನವರಿಗೂ ಇದು ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ಹಿನ್ನೆಲೆ

ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರ. ಮಳೆ ಕಡಿಮೆ, ಕೊಳವೆ ಬಾವಿ ಜಾಸ್ತಿ. ಅಲ್ಲಿಂದ ಒಂದು ಕನ್ನಡ ದಿನಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದ ಯುವತಿ. ಪತ್ರಿಕೋದ್ಯಮದಲ್ಲಿ ಎಂ.ಎ. ಮುಗಿಸಿದ್ದರು. ಹುದ್ದೆಯ ಹೆಸರು ಅರೆಕಾಲಿಕ ವರದಿಗಾರ್ತಿ. ಆದರೆ ಬೆಳಿಗ್ಗೆ ತಾಲ್ಲೂಕು ಕಚೇರಿ, ಮಧ್ಯಾಹ್ನ ಪ್ರೆಸ್ ಮೀಟ್, ಸಂಜೆಯೊಳಗೆ ಕಾಪಿ, ರಾತ್ರಿ ಅಪಘಾತವಾದರೆ ಮತ್ತೆ ಫೋನು ಹಿಡಿದು ಓಡಬೇಕು. ಕೈಗೆ ಬರುವುದು ಸಣ್ಣ ಗೌರವಧನ. ಸ್ಕೂಟರಿನ ಪೆಟ್ರೋಲಿಗೇ ಅದರಲ್ಲಿ ದೊಡ್ಡ ಪಾಲು ಹೋಗುತ್ತಿತ್ತು.

ಊರು ಗೊತ್ತು, ಜನ ಗೊತ್ತು. ಪಿಡಿಒಗಳಿಂದ ಹಿಡಿದು ನೀರು ಬಿಡುವವರವರೆಗೆ ಎಲ್ಲರ ನಂಬರ್ ಇತ್ತು. ಸುದ್ದಿಯ ವಾಸನೆ ಬೇಗ ಹಿಡಿಯುತ್ತಿದ್ದರು. ಆದರೂ ಅವರು ಕಳಿಸಿದ್ದು ಅಚ್ಚಾಗುವಾಗ ಸಿಂಗಲ್ ಕಾಲಂಗೆ ಇಳಿಯುತ್ತಿತ್ತು. ಒಮ್ಮೆ ಪೂರ್ಣಾವಧಿ ಹುದ್ದೆಗೆ ಲಿಖಿತ ಪರೀಕ್ಷೆ ಬರೆದರು. ಸುದ್ದಿಸಂಸ್ಥೆಗಳಿಂದ ಬರುವ ಇಂಗ್ಲಿಷ್ ಏಜೆನ್ಸಿ ಕಾಪಿಯ ಅನುವಾದ, ಪ್ರೆಸ್ ನೋಟ್‌ನಿಂದ ಸುದ್ದಿ ತೆಗೆಯುವುದು, ಸಾಮಾನ್ಯ ಜ್ಞಾನ. ಮೂರನೆಯದರಲ್ಲಿ ಒಳ್ಳೆಯ ಅಂಕ ಬಂತು. ಮೊದಲೆರಡರಲ್ಲಿ ಹಿಂದೆ ಬಿದ್ದರು.

ತೊಡಕು ಎಲ್ಲಿತ್ತು

‘ನನ್ನ ಭಾಷೆಯಲ್ಲಿ ಸತ್ವ ಇಲ್ಲ’ ಎಂದು ಅವರೇ ತೀರ್ಮಾನಕ್ಕೆ ಬಂದಿದ್ದರು. ಹಾಗಾಗಿ ಮೊದಲು ಹುಡುಕಿದ ಪರಿಹಾರವೂ ಭಾಷೆಯದ್ದೇ. ಕತೆ ಕಾದಂಬರಿ ಓದಿ ಚೆಂದದ ಪದಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ವರದಿಯಲ್ಲಿ ‘ಹೃದಯವಿದ್ರಾವಕ’, ‘ಕರುಣಾಜನಕ’, ‘ಜನಮನ ಸೂರೆಗೊಂಡಿತು’ ಜಾಸ್ತಿಯಾದವು. ಡೆಸ್ಕಿನವರು ಅವನ್ನೆಲ್ಲ ಹೊಡೆದು ಹಾಕಿದರು. ಕಾಪಿ ಇನ್ನೂ ಚಿಕ್ಕದಾಯಿತು.

ಯಾಕೆ ಹೊಡೆದರು ಅಂತ ಹೇಳುವವರು ಯಾರೂ ಇರಲಿಲ್ಲ. ನನ್ನ ಪ್ರಕಾರ ಈ ಪ್ರಕರಣದ ಬೇರು ಇಲ್ಲಿದೆ. ಜಿಲ್ಲಾ ಪುಟಗಳನ್ನು ಕಟ್ಟುವ ಉಪ ಸಂಪಾದಕರ ಮುಂದೆ ಸಂಜೆ ಹೊತ್ತಿಗೆ ಕಾಪಿಗಳ ರಾಶಿ ಬಿದ್ದಿರುತ್ತದೆ. ಒಂದೊಂದಕ್ಕೂ ಫೋನು ಮಾಡುವಷ್ಟು ಸಮಯ ಇರುವುದಿಲ್ಲ. ಅವರು ಸುಮ್ನೆ ತಾವೇ ತಿದ್ದಿ ಬರೆದು ಪುಟಕ್ಕೆ ಕಳಿಸುತ್ತಾರೆ. ಪುಟ ಉಳಿಯುತ್ತದೆ, ಆದರೆ ವರದಿಗಾರ್ತಿ ಕಲಿಯುವುದಿಲ್ಲ. ಮೂರು ವರ್ಷ ದಿನವೂ ಬರೆದರೂ ಒಂದು ದಿನವೂ ತಮ್ಮ ಕಾಪಿ ಹೇಗೆ ಬದಲಾಯಿತು, ಯಾಕೆ ಬದಲಾಯಿತು ಎಂದು ಅವರಿಗೆ ತಿಳಿಯಲಿಲ್ಲ.

ತರಬೇತಿ ಶುರುವಾದದ್ದು

ಪತ್ರಿಕೆಯವರು ಆ ಜಿಲ್ಲೆಯ ತಾಲ್ಲೂಕು ವರದಿಗಾರರಿಗೆ ಶನಿವಾರದ ಬರವಣಿಗೆ ತರಗತಿ ಇಡಬೇಕೆಂದರು. ನಡೆಸುವ ಹೊಣೆ ನನಗೆ ಬಂತು. ನಾನು ಒಂದೇ ಷರತ್ತು ಹಾಕಿದೆ: ತರಗತಿ ನಡೆಯುವಷ್ಟು ಕಾಲ ಡೆಸ್ಕಿನವರು ತಿದ್ದಿದ ಕಾಪಿಯನ್ನು ಬರೆದವರಿಗೆ ವಾಪಸ್ ಕಳಿಸಬೇಕು. ಏನು ತೆಗೆದರು, ಯಾಕೆ ತೆಗೆದರು ಎಂದು ಪಕ್ಕದಲ್ಲಿ ಒಂದು ಸಾಲು ಬರೆಯಬೇಕು.

ಬ್ಯೂರೊ ಮುಖ್ಯಸ್ಥರು ಮೊದಲು ಒಪ್ಪಲಿಲ್ಲ. ‘ಡೆಡ್‌ಲೈನ್ ಹೊತ್ತಲ್ಲಿ ಪಾಠ ಮಾಡೋಕೆ ಆಗಲ್ಲ ಸರ್’ ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಕೊನೆಗೆ ಒಬ್ಬೊಬ್ಬರದೂ ವಾರಕ್ಕೆ ಒಂದೇ ಕಾಪಿ, ಅದೂ ಮಾರನೆಯ ದಿನ ಮಧ್ಯಾಹ್ನ ಕಳಿಸುವುದು ಎಂದಾಯಿತು. ಈ ಸಣ್ಣ ಒಪ್ಪಂದ ಆಗದಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ. ಶನಿವಾರ ಕೇಳಿದ್ದು ಸೋಮವಾರ ಮರೆತುಹೋಗುತ್ತದೆ. ತಮ್ಮದೇ ಸಾಲಿನ ಮೇಲೆ ಕೆಂಪು ಗೆರೆ ಬಿದ್ದರೆ ಮರೆಯುವುದಿಲ್ಲ.

ಒಂದು ವಾಕ್ಯವನ್ನು ಬಿಚ್ಚಿದಾಗ

ಎರಡನೆಯ ಶನಿವಾರ ಈ ವರದಿಗಾರ್ತಿ ತಂದ ಕಾಪಿಯ ಇಂಟ್ರೊ, ಅಂದರೆ ಸುದ್ದಿಯ ಆರಂಭದ ಸಾಲುಗಳು, ಹೀಗಿತ್ತು:

‘ತಾಲ್ಲೂಕಿನ ಗಡಿಭಾಗದ ಗ್ರಾಮದಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಕೆಟ್ಟು ನಿಂತಿದ್ದು, ಸಾರ್ವಜನಿಕರು ನೀರಿಗಾಗಿ ಪರದಾಡುವಂತಾಗಿದ್ದು, ಈ ಕುರಿತು ಹಲವು ಬಾರಿ ಸಂಬಂಧಪಟ್ಟ ಅಧಿಕಾರಿಗಳ ಗಮನಕ್ಕೆ ತಂದರೂ ಪ್ರಯೋಜನವಾಗಿಲ್ಲ ಎಂದು ಗ್ರಾಮಸ್ಥರು ಆರೋಪಿಸಿದ್ದಾರೆ.’

ಕನ್ನಡ ಪತ್ರಿಕೆ ಓದುವ ಯಾರಿಗಾದರೂ ಇದು ಗುರುತು ಸಿಗುತ್ತದೆ, ಅಲ್ವಾ? ಊರಿನ ಹೆಸರು ಬದಲಿಸಿ ಯಾವ ಜಿಲ್ಲೆಯ ಪುಟದಲ್ಲಿ ಬೇಕಾದರೂ ಇಡಬಹುದು. ವ್ಯಾಕರಣ ತಪ್ಪಿಲ್ಲ. ಆದರೆ ಓದುಗರಿಗೆ ಏನೂ ತಿಳಿಯುವುದಿಲ್ಲ.

ತರಗತಿಯಲ್ಲಿ ಒಂದು ಅಭ್ಯಾಸ ಇಟ್ಟುಕೊಂಡಿದ್ದೆವು. ಪ್ರತಿ ವಾಕ್ಯದ ಪಕ್ಕದಲ್ಲಿ ಒಂದು ಗುರುತು. ಕಣ್ಣಾರೆ ಕಂಡದ್ದಕ್ಕೆ ‘ಕ’, ಯಾರೋ ಹೇಳಿದ್ದಕ್ಕೆ ‘ಹೇ’, ಕಾಗದದಲ್ಲಿ ಇದ್ದದ್ದಕ್ಕೆ ‘ದಾ’, ಮೂರೂ ಅಲ್ಲದಿದ್ದರೆ ಪ್ರಶ್ನೆ ಚಿಹ್ನೆ. ವರದಿಗಾರ್ತಿ ತಮ್ಮ ಇಂಟ್ರೊವನ್ನು ತುಂಡು ಮಾಡಿ ಗುರುತು ಹಾಕತೊಡಗಿದರು. ಘಟಕ ಕೆಟ್ಟಿರುವುದು ‘ಹೇ’. ಅವರು ಹೋಗಿ ನೋಡಿರಲಿಲ್ಲ, ಊರಿನವರು ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸಿದ್ದರು. ಎಂದಿನಿಂದ ಕೆಟ್ಟಿದೆ? ಪ್ರಶ್ನೆ ಚಿಹ್ನೆ. ಹಲವು ಬಾರಿ ಅಂದರೆ ಎಷ್ಟು? ಪ್ರಶ್ನೆ ಚಿಹ್ನೆ. ಸಂಬಂಧಪಟ್ಟ ಅಧಿಕಾರಿ ಯಾರು? ಬಾಯಿಮಾತಿನಲ್ಲಿ ಹೇಳಿದರಾ, ಅರ್ಜಿ ಕೊಟ್ಟರಾ? ಈಗ ಜನ ಯಾವ ನೀರು ಕುಡಿಯುತ್ತಿದ್ದಾರೆ? ಪುಟದ ಅಂಚು ಪ್ರಶ್ನೆ ಚಿಹ್ನೆಗಳಿಂದ ತುಂಬಿತು.

ಕಾಪಿ ಮಡಚಿ ಬ್ಯಾಗಿಗೆ ಹಾಕುತ್ತಾ ಅವರು ‘ಇದು ಬರೆಯೋ ತೊಂದರೆ ಅಲ್ಲ ಸರ್, ನಾನು ಕೇಳೇ ಇಲ್ಲ’ ಎಂದರು.

ನನಗೆ ಇದು ಮೊದಲ ತಿರುವು. ಬರವಣಿಗೆ ತರಬೇತಿ ಎಂದರೆ ಪದ ಜೋಡಿಸುವ ಕಲೆ ಎಂದುಕೊಂಡು ಬರುವವರೇ ಹೆಚ್ಚು. ಸುದ್ದಿಯ ಮಟ್ಟಿಗೆ ಅದು ಕೇಳುವ ಕಲೆ. ‘ಆರೋಪಿಸಿದ್ದಾರೆ’, ‘ಸಂಬಂಧಪಟ್ಟ’, ‘ಕ್ರಮ ಕೈಗೊಳ್ಳಲಾಗುವುದು’ ಇವೆಲ್ಲ ಕಚೇರಿ ಕಡತದಿಂದ ನಮ್ಮ ಕಾಪಿಗೆ ಬಂದು ಕೂತಿವೆ. ಕೆಲಸ ಮಾಡಬೇಕಾದವರು ಯಾರು ಅನ್ನುವುದನ್ನು ಅವು ಮುಚ್ಚಿಡುತ್ತವೆ. ‘ಯಾರು ಮಾಡಿದರು’ ಎಂದು ಬರೆಯಲೇಬೇಕು ಎಂದು ಹಟ ಹಿಡಿದರೆ, ಹೋಗಿ ಕೇಳದೆ ಬೇರೆ ದಾರಿ ಇರುವುದಿಲ್ಲ.

150 ಪದಗಳ ಪಾಠ

ಮಾರನೆಯ ವಾರ ಅವರು ಆ ಊರಿಗೆ ಹೋದರು. ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಘಟಕ ಅದು. ಬಾಗಿಲಿಗೆ ಬೀಗ, ಬೀಗಕ್ಕೆ ತುಕ್ಕು. ಪಕ್ಕದ ಮನೆಯ ಅಜ್ಜಿ ಹೇಳಿದ್ದನ್ನು ಅವರು ಹಾಗೆಯೇ ಬರೆದುಕೊಂಡು ಬಂದಿದ್ದರು: ‘ಮೊಮ್ಮಗಳು ಶಾಲೆಗೆ ಸೇರಿದಾಗ ಬೀಗ ಹಾಕಿದ್ದು ಕಣಮ್ಮಾ, ಈಗ ಅವಳಿಗೆ ದೊಡ್ಡ ಪರೀಕ್ಷೆ ಬಂತು.’ ಅಂದರೆ ಆ ಶಾಲಾ ವರ್ಷ ಶುರುವಾದ ಜೂನ್‌ನಿಂದ. ತಿಂಗಳು ತಿಳಿಯಿತು, ಜೊತೆಗೆ ಒಳ್ಳೆಯ ಕೋಟ್ ಕೂಡ ಸಿಕ್ಕಿತು.

ಪಂಚಾಯಿತಿಯಲ್ಲಿ ಕೇಳಿದರೆ ಘಟಕ ಇಲಾಖೆಯದು ಎಂದರು. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಎಂಜಿನಿಯರ್, ಅದನ್ನು ಪಂಚಾಯಿತಿಗೆ ಹಸ್ತಾಂತರಿಸಿ ಆಗಿದೆ ಎಂದರು. ಇಬ್ಬರ ಬಳಿಯೂ ತೋರಿಸಲು ಕಾಗದ ಇರಲಿಲ್ಲ. ಹಳೆಯ ಅಭ್ಯಾಸವಾಗಿದ್ದರೆ ‘ಅಧಿಕಾರಿಗಳ ಹಗ್ಗಜಗ್ಗಾಟ’ ಎಂದು ಬರೆದು ಮುಗಿಸುತ್ತಿದ್ದರು. ಈ ಸಲ ಮಾಹಿತಿ ಹಕ್ಕಿನ ಅರ್ಜಿ ಹಾಕಲು ನಿರ್ಧರಿಸಿದರು.

ಮೊದಲ ಅರ್ಜಿ ಎರಡು ಪುಟ ಇತ್ತು. ತಾಲ್ಲೂಕಿನ ಎಲ್ಲ ಘಟಕಗಳು, ಅವುಗಳ ವೆಚ್ಚ, ನೀರಿನ ಪರೀಕ್ಷೆ, ಟೆಂಡರು, ಸಿಬ್ಬಂದಿ ಎಲ್ಲವನ್ನೂ ಒಂದೇ ಸಲಕ್ಕೆ ಕೇಳಿದ್ದರು. ಅರ್ಜಿ ವಾಪಸ್ ಬಂತು. ಮಾಹಿತಿ ಹಕ್ಕು ಕಾಯ್ದೆ 2005ರದ್ದು. ಅದಕ್ಕೆ ಕರ್ನಾಟಕ ಸರ್ಕಾರ ಮಾಡಿಕೊಂಡಿರುವ ನಿಯಮಗಳ ಪ್ರಕಾರ ಒಂದು ಅರ್ಜಿ ಒಂದೇ ವಿಷಯಕ್ಕೆ ಸೇರಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಹಲವರು ಈ ನಿಯಮ ನೋಡಿ ಸಿಟ್ಟಾಗುತ್ತಾರೆ. ಸಿಟ್ಟಿಗೆ ಕಾರಣವೂ ಇದೆ. ಆದರೆ ನಮ್ಮ ತರಗತಿಗೆ ಅದಕ್ಕಿಂತ ಒಳ್ಳೆಯ ಅಭ್ಯಾಸ ಸಿಗಲಿಲ್ಲ.

ಆ ಶನಿವಾರ ಇಡೀ ತರಗತಿ ಸೇರಿ ಆ ಅರ್ಜಿಯನ್ನು ತಿದ್ದಿತು. ‘ಸವಿವರವಾದ ಮಾಹಿತಿ ಒದಗಿಸಬೇಕೆಂದು ಈ ಮೂಲಕ ಕೋರುತ್ತೇನೆ’ ಎಂಬುದು ಮೊದಲು ಹೋಯಿತು. ‘ಯಾಕೆ ದುರಸ್ತಿ ಮಾಡಿಲ್ಲ’ ಎಂಬ ಪ್ರಶ್ನೆಯೂ ಹೋಯಿತು. ಕಾಯ್ದೆಯ ಅಡಿ ಇಲಾಖೆ ಕೊಡಬೇಕಾದ್ದು ತನ್ನ ಬಳಿ ಇರುವ ದಾಖಲೆ. ಸಮಜಾಯಿಷಿ ಕೇಳಿದರೆ ಉತ್ತರ ಬರುವುದಿಲ್ಲ. ಉಳಿದದ್ದು ನಾಲ್ಕೇ ಕೋರಿಕೆ: ಈ ಒಂದು ಘಟಕದ ನಿರ್ವಹಣಾ ಒಪ್ಪಂದದ ಪ್ರತಿ, ಹಸ್ತಾಂತರ ಪತ್ರದ ಪ್ರತಿ, ಕಳೆದ ಒಂದು ವರ್ಷದಲ್ಲಿ ನಿರ್ವಹಣೆಗೆ ಪಾವತಿಸಿದ ಬಿಲ್‌ಗಳ ಪ್ರತಿ, ಅದೇ ಅವಧಿಯ ನೀರಿನ ಪರೀಕ್ಷಾ ವರದಿ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಕಳಿಸಿದರು.

ಉತ್ತರ ಕೊಡಲು ಇಲಾಖೆಗೆ 30 ದಿನ ಕಾಲಾವಕಾಶ ಇರುತ್ತದೆ. ಅಷ್ಟು ದಿನ ಸುದ್ದಿ ಹಿಡಿದಿಟ್ಟುಕೊಳ್ಳುವುದು ಸುಲಭವಲ್ಲ. ಬೇರೆ ಪತ್ರಿಕೆಯವರು ಬರೆದುಬಿಟ್ಟರೆ? ಬ್ಯೂರೊದಿಂದಲೂ ಒತ್ತಡ ಬಂತು: ‘ಫೋಟೊ ಇದೆಯಲ್ಲ, ಒಂದು ಕ್ಯಾಪ್ಷನ್ ಸುದ್ದಿ ಮಾಡಿ ಬಿಡಮ್ಮಾ.’ ಅವರು ಕಾಯುತ್ತೇನೆ ಎಂದರು. ಅಷ್ಟರಲ್ಲಿ ಬೇರೊಂದು ಪತ್ರಿಕೆಯಲ್ಲಿ ಬೀಗದ ಫೋಟೊ ಬಂದೇಬಿಟ್ಟಿತು, ಕೆಳಗೆ ಅದೇ ‘ಪರದಾಡುವಂತಾಗಿದೆ’. ಅದರಿಂದ ಯಾವ ಕಚೇರಿಯಲ್ಲೂ ಯಾರೂ ಕದಲಲಿಲ್ಲ.

ಹಲ್ಲಿನ ಕಲೆ ಮತ್ತು ಒಂದು ‘ಆದ್ದರಿಂದ’

ದಾಖಲೆ ಬಂತು. ಹಸ್ತಾಂತರ ಪತ್ರ ಇರಲೇ ಇಲ್ಲ. ನಿರ್ವಹಣೆ ಇನ್ನೂ ಖಾಸಗಿ ಏಜೆನ್ಸಿಯ ಹೊಣೆ ಎಂದು ಒಪ್ಪಂದದಲ್ಲಿತ್ತು. ಬೀಗ ಬಿದ್ದ ನಂತರದ ತಿಂಗಳುಗಳಿಗೂ ನಿರ್ವಹಣೆ ಬಿಲ್ ಪಾವತಿಯಾಗಿತ್ತು. ನೀರಿನ ಪರೀಕ್ಷಾ ವರದಿಯಲ್ಲಿ ಊರಿನ ಕೊಳವೆ ಬಾವಿಯಲ್ಲಿ, ಹೆಚ್ಚಾದರೆ ಮಕ್ಕಳ ಹಲ್ಲಿಗೆ ಕಲೆ ತರುವ ಫ್ಲೋರೈಡ್ ಪ್ರಮಾಣ ಮಿತಿಗಿಂತ ಮೇಲಿತ್ತು. ಕುಡಿಯುವ ನೀರಿನ ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಒಪ್ಪಬಹುದಾದ ಮಟ್ಟ. ಬೇರೆ ನೀರಿನ ಮೂಲ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು.

ಈಗ ವರದಿಗಾರ್ತಿಗೆ ಉತ್ಸಾಹ. ಒಂದೇ ರಾತ್ರಿ ಕರಡು ಬರೆದರು. ಅದರಲ್ಲಿ ಒಂದು ಸಾಲು: ‘ಘಟಕ ಮುಚ್ಚಿದೆ. ಆದ್ದರಿಂದ ಗ್ರಾಮದ ಮಕ್ಕಳ ಹಲ್ಲುಗಳು ಕಂದು ಬಣ್ಣಕ್ಕೆ ತಿರುಗಿವೆ.’ ಜೊತೆಗೆ ಹದಿಮೂರು ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಬಾಯಿ ತೆರೆದು ಹಲ್ಲು ತೋರಿಸುವ ಫೋಟೊ.

ತರಗತಿಯಲ್ಲಿ ಇನ್ನೊಂದು ನಿಯಮ ಇತ್ತು. ‘ಆದ್ದರಿಂದ’, ‘ಇದರಿಂದಾಗಿ’, ‘ಪರಿಣಾಮ’ ಎಂದು ಬರೆದ ಕಡೆಯಲ್ಲೆಲ್ಲ ನಿಂತು, ಈ ಕಾರಣವನ್ನು ನನಗೆ ಹೇಳಿದವರು ಯಾರು ಎಂದು ಕೇಳಿಕೊಳ್ಳಬೇಕು. ಅವರು ಕೇಳಿಕೊಂಡರು. ಯಾರೂ ಹೇಳಿರಲಿಲ್ಲ. ತಾಲ್ಲೂಕು ಆಸ್ಪತ್ರೆಯ ದಂತ ವೈದ್ಯರ ಬಳಿಗೆ ಹೋದರು. ಫ್ಲೋರೈಡಿನ ಕಲೆ ಹಲ್ಲು ಮೂಡುವ ಮೊದಲೇ, ಒಸಡಿನೊಳಗೆ ಅದು ರೂಪುಗೊಳ್ಳುವ ಬಾಲ್ಯದ ವರ್ಷಗಳಲ್ಲಿ ಬೀಳುತ್ತದೆ ಎಂದು ವೈದ್ಯರು ವಿವರಿಸಿದರು. ಹದಿಮೂರರ ಹುಡುಗಿಯ ಹಲ್ಲಿನ ಕಲೆಗೂ ಕೆಲವು ತಿಂಗಳ ಹಿಂದೆ ಬಿದ್ದ ಬೀಗಕ್ಕೂ ಸಂಬಂಧ ಇಲ್ಲ. ಆ ಕಲೆ ಬೇರೆ ಸತ್ಯ ಹೇಳುತ್ತದೆ: ಘಟಕ ಬರುವ ಮುಂಚೆ ಈ ಊರು ವರ್ಷಗಟ್ಟಲೆ ಎಂಥ ನೀರು ಕುಡಿದಿದೆ ಎಂಬುದನ್ನು. ಈಗ ಅದೇ ನೀರಿಗೆ ವಾಪಸ್ ಹೋಗಿರುವುದರಿಂದ ಅಪಾಯ ಇರುವುದು ಇನ್ನೂ ಹಲ್ಲು ರೂಪುಗೊಳ್ಳುತ್ತಿರುವ ಪುಟ್ಟ ಮಕ್ಕಳಿಗೆ.

ಸುದ್ದಿ ಇದರಿಂದ ಬಲವಾಯಿತು. ಹಳೆಯ ಸಾಲು ಹಾಗೇ ಅಚ್ಚಾಗಿದ್ದರೆ ಇಲಾಖೆಯವರು ಅದೊಂದನ್ನು ಹಿಡಿದು ಇಡೀ ವರದಿಯೇ ಸುಳ್ಳು ಎನ್ನುತ್ತಿದ್ದರು. ಒಂದು ‘ಆದ್ದರಿಂದ’ ತಪ್ಪಾದರೆ ಒಂದು ತಿಂಗಳ ದುಡಿಮೆ ನೀರಿಗೆ ಹೋಗುತ್ತಿತ್ತು.

ಹುಡುಗಿಯ ಫೋಟೊ ಬೇಡ ಎಂಬ ನಿರ್ಧಾರವೂ ಆಗಲೇ ಆಯಿತು. ಅವಳು ನಾಳೆ ಅದೇ ಊರಿನ ಶಾಲೆಗೆ ಹೋಗಬೇಕು. ಅವಳ ಮುಖ ಇಲ್ಲದೆಯೂ ಸುದ್ದಿ ಪೂರ್ತಿಯಾಗಿತ್ತು. ಬೀಗದ ಫೋಟೊ, ಬಿಲ್ಲಿನ ಫೋಟೊ ಸಾಕಾದವು.

‘ಗುಳುಂ’ ಬಿಟ್ಟದ್ದು

ಬಿಲ್ ಪಾವತಿಯ ಕಾಗದ ಕೈಗೆ ಸಿಕ್ಕಾಗ ಅವರು ಕೊಟ್ಟ ತಲೆಬರಹ: ‘ನೀರಿನ ಹೆಸರಲ್ಲಿ ಹಣ ಗುಳುಂ’. ಡೆಸ್ಕಿನಲ್ಲೂ ಕೆಲವರಿಗೆ ಇಷ್ಟವಾಯಿತು. ಆದರೆ ಗುರುತು ಹಾಕುವ ಅಭ್ಯಾಸ ಇಲ್ಲೂ ಕೆಲಸಕ್ಕೆ ಬಂತು. ಬಿಲ್ ಪಾವತಿಯಾಗಿದೆ ಎಂಬುದಕ್ಕೆ ‘ದಾ’. ಯಾರೋ ತಿಂದಿದ್ದಾರೆ ಎಂಬುದಕ್ಕೆ ಪ್ರಶ್ನೆ ಚಿಹ್ನೆ. ಮಾನಹಾನಿ, ಹಳೆಯ ದಂಡ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅಪರಾಧವಾಗಿಯೇ ಉಳಿದಿದೆ. ತಾಲ್ಲೂಕಿನಲ್ಲಿ ಒಂಟಿಯಾಗಿ ಓಡಾಡುವ ವರದಿಗಾರ್ತಿಗೆ ಕೋರ್ಟಿಗೆ ಅಲೆಯುವ ಶಕ್ತಿ ಎಲ್ಲಿಂದ ಬರಬೇಕು? ತಲೆಬರಹ ‘ಬೀಗ ಬಿದ್ದ ಘಟಕಕ್ಕೂ ನಿರ್ವಹಣೆ ಬಿಲ್’ ಎಂದಾಯಿತು. ಓದುಗರು ಉಳಿದದ್ದನ್ನು ತಾವೇ ಯೋಚಿಸುತ್ತಾರೆ.

ಅಚ್ಚಿಗೆ ಹೋಗುವ ಮುನ್ನ ಎಂಜಿನಿಯರಿಗೂ ಏಜೆನ್ಸಿಗೂ ಪ್ರಶ್ನೆ ಕಳಿಸಿ ಪ್ರತಿಕ್ರಿಯೆ ಪಡೆದರು. ಮನೆ ಮನೆಗೆ ನಲ್ಲಿ ಹಾಕಿದ್ದೇವೆ, ಈಗ ಘಟಕದ ಅವಲಂಬನೆ ಕಡಿಮೆಯಾಗಿದೆ ಎಂದು ಎಂಜಿನಿಯರ್ ಹೇಳಿದರು. ಮನೆ ಮನೆಗೆ ನಲ್ಲಿ ನೀರು ಕೊಡುವ ಜಲ ಜೀವನ್ ಮಿಷನ್ ಯೋಜನೆ 2019ರಲ್ಲಿ ಶುರುವಾಗಿತ್ತು. ಮೊದಲಾಗಿದ್ದರೆ ವರದಿಗಾರ್ತಿ ಈ ಹೇಳಿಕೆ ಬರೆದುಕೊಂಡು ಬರುತ್ತಿದ್ದರು. ಈ ಸಲ ಇನ್ನೊಂದು ಪ್ರಶ್ನೆ ಕೇಳಿದರು: ‘ಸರ್, ಆ ನಲ್ಲಿಗೆ ನೀರು ಯಾವ ಬೋರ್‌ವೆಲ್‌ನಿಂದ ಬರುತ್ತೆ?’ ಅದೇ ಬೋರ್‌ವೆಲ್‌ನಿಂದ. ಆ ಉತ್ತರ ವರದಿಯ ಮೂರನೆಯ ಪ್ಯಾರಾ ಆಯಿತು.

ಅಚ್ಚಾದ ಇಂಟ್ರೊ ಇಷ್ಟೇ: ‘ಈ ಊರಿಗೆ ಇರುವುದು ಒಂದೇ ಶುದ್ಧ ನೀರಿನ ಘಟಕ. ಜೂನ್‌ನಿಂದ ಅದಕ್ಕೆ ಬೀಗ. ಅದರ ನಿರ್ವಹಣೆಗೆ ಇಲಾಖೆ ಜೂನ್ ನಂತರವೂ ಹಣ ಕೊಟ್ಟಿದೆ.’

ಏನಾಯಿತು

ವರದಿ ಜಿಲ್ಲಾ ಪುಟದ ಲೀಡ್ (ಮುಖ್ಯ ಸುದ್ದಿ) ಆಗಿ, ಅವರ ಹೆಸರಿರುವ ಬೈಲೈನ್ ಸಹಿತ ಬಂತು. ಇಲಾಖೆಯಿಂದ ಸ್ಪಷ್ಟನೆ ಬಂತು. ಅದರಲ್ಲಿ ವರದಿಯ ಯಾವ ಸಾಲನ್ನೂ ತಪ್ಪೆಂದು ಹೇಳಿರಲಿಲ್ಲ, ಶೀಘ್ರ ದುರಸ್ತಿಯ ಭರವಸೆ ಮಾತ್ರ ಇತ್ತು. ಘಟಕ ಶುರುವಾಯಿತು. ಕೆಲವು ತಿಂಗಳ ನಂತರ ಮತ್ತೆ ನಿಂತಿತು. ಅವರು ಮತ್ತೆ ಬರೆದರು. ಬಿಲ್ಲುಗಳ ಬಗ್ಗೆ ವಿಚಾರಣೆ ಮಾಡುತ್ತೇವೆ ಎಂದ ಇಲಾಖೆ ಏನು ಮಾಡಿತು ಎಂಬುದು ಇನ್ನೂ ಹೊರಬಂದಿಲ್ಲ.

ವೃತ್ತಿಯಲ್ಲಿ ಆದ ಬದಲಾವಣೆ ನಿಧಾನವಾದದ್ದು. ಡೆಸ್ಕಿನವರು ಅವರ ಕಾಪಿಯನ್ನು ಅಷ್ಟಾಗಿ ಮುಟ್ಟದೆ ಹಾಕತೊಡಗಿದರು. ಬ್ಯೂರೊದಿಂದ ‘ಇದನ್ನು ನೀವು ನೋಡಿ’ ಎಂದು ಕೆಲಸ ಬರತೊಡಗಿತು. ಮುಂದಿನ ವರ್ಷ ಇನ್ನೊಂದು ಪತ್ರಿಕೆಯ ಪರೀಕ್ಷೆ ಬರೆದು ಪೂರ್ಣಾವಧಿ ವರದಿಗಾರ್ತಿಯಾದರು. ಏಜೆನ್ಸಿ ಕಾಪಿಯ ಅನುವಾದದಲ್ಲಿ ಈ ಸಲ ಒಳ್ಳೆಯ ಅಂಕ ಬಂತು. ನಾವು ಅನುವಾದಕ್ಕೆ ಪ್ರತ್ಯೇಕ ತರಗತಿ ಮಾಡಿದ್ದು ಕಡಿಮೆ. ಇಂಗ್ಲಿಷ್ ವಾಕ್ಯದಲ್ಲಿ ಯಾರು ಏನು ಮಾಡಿದರು ಎಂದು ಮೊದಲು ಹುಡುಕಿ, ಆಮೇಲೆ ಅದನ್ನು ಕನ್ನಡದಲ್ಲಿ ಹೇಳಿದೆ ಎಂದು ಅವರೇ ವಿವರಿಸಿದರು.

ಅದೇ ತರಗತಿಗೆ ಬಂದಿದ್ದ ಇನ್ನೊಬ್ಬ ವರದಿಗಾರರ ಮಾತನ್ನೂ ಹೇಳಬೇಕು. ಬರವಣಿಗೆಯಲ್ಲಿ ಇವರಿಗಿಂತ ಮುಂದಿದ್ದರು. ಚುರುಕು ಭಾಷೆ, ಒಳ್ಳೆಯ ಕಿವಿ. ಆದರೆ ಮನೆ ನಡೆಯುವುದು ಅವರೊಬ್ಬರ ಸಂಪಾದನೆಯಿಂದ. ತರಬೇತಿ ಮುಗಿಯುವ ಮೊದಲೇ ಪತ್ರಿಕೆ ಬಿಟ್ಟು ಬೇರೆ ಕೆಲಸಕ್ಕೆ ಹೋದರು. ಬರವಣಿಗೆ ಕಲಿಸಿದ ಮಾತ್ರಕ್ಕೆ ಗೌರವಧನ ಸಂಬಳವಾಗುವುದಿಲ್ಲ. ವರದಿಗಾರರಿಗೆ ಬದುಕುವಷ್ಟು ಕೊಡದೆ ತರಬೇತಿ ಮಾತ್ರ ಕೊಡುವ ಸಂಸ್ಥೆ ಒಳ್ಳೆಯವರನ್ನು ಕಳೆದುಕೊಳ್ಳುತ್ತಲೇ ಇರುತ್ತದೆ. ಇದು ನನಗೆ ತುಂಬಾ ನೋವಿನ ಸಂಗತಿ.

ಈ ಪ್ರಕರಣದಿಂದ ನಾನು ತೆಗೆದುಕೊಂಡದ್ದು

ತಿದ್ದಿದ ಕಾಪಿ ವಾಪಸ್ ಬಂದದ್ದೇ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿತು ಎಂದು ನನ್ನ ನಂಬಿಕೆ. ನನ್ನ ಶನಿವಾರದ ಮಾತುಗಳಿಗಿಂತ ಉಪ ಸಂಪಾದಕರ ಆ ಒಂದೊಂದು ಸಾಲು ಹೆಚ್ಚು ಕಲಿಸಿತು. ವಿಶ್ವವಿದ್ಯಾಲಯದ ಪಾಠದಲ್ಲಿ ಇಂಟ್ರೊ ಅಂದರೇನು, ಮುಖ್ಯವಾದದ್ದನ್ನು ಮೊದಲು ಹೇಳುವ ‘ತಲೆಕೆಳಗಾದ ಪಿರಮಿಡ್’ ಅಂದರೇನು ಎಂದು ಈ ವರದಿಗಾರ್ತಿಗೆ ಹೇಳಿಕೊಟ್ಟಿದ್ದರು. ಪರೀಕ್ಷೆಯಲ್ಲಿ ಚೆನ್ನಾಗಿ ಬರೆದೂ ಇದ್ದರು. ತಮ್ಮ ಕಾಪಿಯ ಮೇಲೆ ಯಾರಾದರೂ ಬೆರಳಿಟ್ಟು ‘ಇದು ನಿಮಗೆ ಹೇಗೆ ಗೊತ್ತು’ ಎಂದು ಕೇಳಿದ್ದು ಮಾತ್ರ ಕೆಲಸಕ್ಕೆ ಸೇರಿ ಮೂರು ವರ್ಷವಾದ ಮೇಲೆ.

1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರತಂದರು. ಆ ನೆನಪಿಗೆ ಪ್ರತಿ ವರ್ಷ ಜಿಲ್ಲೆ, ತಾಲ್ಲೂಕುಗಳಲ್ಲಿ ಪತ್ರಿಕಾ ದಿನಾಚರಣೆ ನಡೆಯುತ್ತದೆ. ಎಲ್ಲ ವರದಿಗಾರರೂ ಒಂದೇ ಕಡೆ ಸೇರುವ ದಿನ ಅದು. ಸನ್ಮಾನ ಮುಗಿದ ಮೇಲೆ ಎರಡು ಗಂಟೆ ಒಬ್ಬರ ಕಾಪಿ ಇನ್ನೊಬ್ಬರು ಓದಿ ಗುರುತು ಹಾಕುವುದಕ್ಕೆ ಇಟ್ಟರೆ ಖರ್ಚೇನೂ ಇಲ್ಲ.

ಮುಂದಿನ ತಂಡಕ್ಕೆ ಕ್ರಮವನ್ನು ಬದಲಿಸುತ್ತಿದ್ದೇವೆ. ಮಾಹಿತಿ ಹಕ್ಕಿನ ಅರ್ಜಿ ಬರೆಯುವುದು ಮೊದಲ ವಾರಕ್ಕೆ ಬರುತ್ತದೆ, ಯಾಕೆಂದರೆ ಉತ್ತರ ಬರುವ ಹೊತ್ತಿಗೆ ತರಗತಿ ಇನ್ನೂ ನಡೆಯುತ್ತಿರಬೇಕು. ಅಂಕಿಸಂಖ್ಯೆ, ಪ್ರಯೋಗಾಲಯದ ವರದಿ ಓದುವುದಕ್ಕೆ ಎರಡು ಶನಿವಾರ ಜಾಸ್ತಿ ಇಟ್ಟಿದ್ದೇವೆ. ಡೆಸ್ಕಿನಿಂದ ಒಬ್ಬ ಉಪ ಸಂಪಾದಕರು ಪ್ರತಿ ತರಗತಿಯಲ್ಲೂ ಕೂರಲು ಒಪ್ಪಿದ್ದಾರೆ. ಬರುವವರ ಪ್ರಯಾಣ ವೆಚ್ಚ ಪತ್ರಿಕೆಯೇ ಕೊಡಬೇಕು ಎಂದು ಕೇಳಿದ್ದೇವೆ, ಉತ್ತರ ಇನ್ನೂ ಬರಬೇಕು.